ಕಚ್ಚಿದ ನಾಯಿಯ ಕೂದಲು

ಫೋನ್ ಬಂದ ಕೂಡಲೇ ಮಧುಗಿರಿಯ ಕಾಲೇಜಿನಿಂದ ಹೊರಟ ಲೋಹಿತಾ ಪುರವರದ ಮನೆಯ ಮುಂದೆ ಸ್ಕೂಟರ್ ನಿಲ್ಲಿಸುವ ಹೊತ್ತಿಗೆ, ಮಾವ ರೇಣುಕಯ್ಯ ನಾಯಿಯ ಕೂದಲು ಸುಟ್ಟು ಹರಳೆಣ್ಣೆಯಲ್ಲಿ ಕಲಸುತ್ತಿದ್ದರು. ಜಗಲಿಯ ಮೇಲೆ ಅತ್ತೆ ಸಿದ್ದಗಂಗಮ್ಮ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು ಕೂತಿದ್ದರು. ಮೀನಖಂಡದಲ್ಲಿ ಹಲ್ಲು ಊರಿದ ಗಾಯ, ಪಾದದವರೆಗೂ ಇಳಿದು ಒಣಗಿದ ರಕ್ತ.

“ಗಿಡಕ್ಕೆ ನೀರು ಹಾಕ್ತಿದ್ದೆ ಕಣಮ್ಮ. ಬೊಗಳಲಿಲ್ಲ ಏನಿಲ್ಲ, ಸುಮ್ನೆ ಬಂದು ಬಾಯಿ ಹಾಕ್ಬುಡ್ತು,” ಎಂದರು ಅತ್ತೆ.

“ಅದೇ ನಾಯಿ ಹಿಡ್ಕೊಂಡು ಕೂದಲು ಕತ್ತರಿಸ್ಕೊಂಡು ಬಂದಿದೀನಿ. ಇನ್ನೇನು ಭಯ ಇಲ್ಲ,” ಎಂದರು ಮಾವ. ಸುತ್ತಮುತ್ತ ಯಾರಿಗೆ ನಾಯಿ ಕಚ್ಚಿದರೂ ಬರುತ್ತಿದ್ದುದು ಅವರ ಬಳಿಗೇ. ಕಚ್ಚಿದ ನಾಯಿಯದೇ ಕೂದಲು ಸುಟ್ಟು ಗಾಯಕ್ಕೆ ಕಟ್ಟುವುದು ಅವರ ತಂದೆಯಿಂದ ಬಂದ ವಿದ್ಯೆ. ಯಾರು ಬಂದರೂ ಇಲ್ಲವೆಂದವರಲ್ಲ.

ಲೋಹಿತಾ ಅತ್ತೆಯನ್ನು ಕೈಹಿಡಿದು ನಲ್ಲಿಯ ಬಳಿ ಕೂರಿಸಿ, ನೀರು ಬಿಟ್ಟು, ಗಾಯಕ್ಕೆ ಸೋಪು ಹಚ್ಚಿ ತೊಳೆಯತೊಡಗಿದಳು.

“ಮದ್ದು ಕಟ್ಟೋ ಗಾಯಕ್ಕೆ ಸೋಪು ಹಾಕ್ತೀಯಾ?”

“ಚೆನ್ನಾಗಿ ತೊಳೀಬೇಕು ಮಾವ. ಆಮೇಲೆ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸ್ಬೇಕು.”

ರೇಣುಕಯ್ಯನವರ ಮುಖ ಬಿಗಿಯಿತು. “ಊರೇ ನಮ್ಮನೆಗೆ ಬರುತ್ತೆ. ನಮ್ಮನೆಯೋಳೇ ಆಸ್ಪತ್ರೆಗೆ ಹೋದ್ರೆ ನಾಳೆ ನಾನು ಹೆಂಗಮ್ಮ ತಲೆ ಎತ್ಕೊಂಡು ಓಡಾಡೋದು?”

ಇಂಗ್ಲಿಷಿನ ನುಡಿಗಟ್ಟುಗಳ ಹುಟ್ಟು ಹುಡುಕುವುದೆಂದರೆ ಲೋಹಿತಾಗೆ ಖುಷಿ. ಪಿಯುಸಿ ಮಕ್ಕಳಿಗೆ ಹೇಳಿದ್ದನ್ನು ಮನೆಯಲ್ಲೂ ಹೇಳುತ್ತಿದ್ದಳು. ಇಂಗ್ಲಿಷ್‌ನವರ ದೇಶದಲ್ಲಿ ಜೋರು ಮಳೆ ಬಂದರೆ ಬೆಕ್ಕು ನಾಯಿ ಸುರಿಯುತ್ತವೆ ಅನ್ನುತ್ತಾರಂತೆ ಎಂದು ಕೇಳಿ ಮಾವ ತುತ್ತು ನೆತ್ತಿಗೇರುವಷ್ಟು ನಕ್ಕಿದ್ದರು. ನೀರು ಹರಿಯುತ್ತಲೇ ಇತ್ತು. ಅವಳು ತಲೆ ಎತ್ತದೆ ಹೇಳಿದಳು:

“ಇಂಗ್ಲಿಷ್‌ನವರೂ ಹಿಂದೆ ಇದನ್ನೇ ಮಾಡ್ತಿದ್ರು ಮಾವ. ಕಚ್ಚಿದ ನಾಯಿ ಕೂದಲನ್ನೇ ಗಾಯಕ್ಕೆ ಇಡ್ತಿದ್ರು. ‘ಹೇರ್ ಆಫ್ ದ ಡಾಗ್’, ನಾಯಿ ಕೂದಲು ಅಂತ ಅವರ ಭಾಷೇಲಿ ಮಾತೇ ಇದೆ.”

“ನೋಡ್ದೇನೇ!” ಮಾವ ಹೆಂಡತಿಯತ್ತ ತಿರುಗಿದರು. “ಇಂಗ್ಲಿಷ್‌ನೋರೂ ಇದ್ನೇ ಮಾಡವ್ರೆ! ಈಗ್ಲೂ ಮಾಡ್ತಾರೇನಮ್ಮ?”

“ಈಗ ಆ ಮಾತು ಕುಡಿಯೋರ ಬಾಯಲ್ಲಿದೆ. ರಾತ್ರಿ ಜಾಸ್ತಿ ಕುಡಿದು ಬೆಳಿಗ್ಗೆ ತಲೆ ಸಿಡಿಯುವಾಗ, ಅದನ್ನೇ ಇನ್ನೊಂದು ಗುಟುಕು ಹಾಕಿದ್ರೆ ಸರಿಹೋಗುತ್ತೆ ಅಂತಾರಲ್ಲ, ಅದಕ್ಕೆ.”

“ಥೂ! ಮತ್ತೆ ನಾಯಿ ಕಚ್ಚಿದ್ರೆ?”

“ಸೂಜಿ. ಎಷ್ಟು ಜನ ಸತ್ತ ಮೇಲೆ ಬುದ್ಧಿ ಬಂತೋ. ಮದ್ದು ಬಿಟ್ಟರು, ಮಾತು ಮಾತ್ರ ಇಟ್ಕೊಂಡ್ರು.”

ರೇಣುಕಯ್ಯ ಬಟ್ಟಲು ಕೆಳಗಿಟ್ಟರು. “ನಮ್ಮಪ್ಪ ಕಟ್ಟಿದೋರೆಲ್ಲಾ ಬದುಕವ್ರಲ್ಲಮ್ಮ?”

“ಬದುಕಿದೋರನ್ನ ಕಚ್ಚಿದ ನಾಯಿಗೆ ಹುಚ್ಚಿರಲಿಲ್ಲ ಮಾವ. ಇದಕ್ಕಿದೆಯೋ ಇಲ್ವೋ ನಿಮಗೆ ಗೊತ್ತಾ? ನನಗೂ ಗೊತ್ತಿಲ್ಲ. ಹುಚ್ಚು ಒಂದ್ಸಲ ಏರಿದ್ರೆ ಯಾವ ಡಾಕ್ಟರ ಕೈಲೂ ಇಳಿಸೋಕಾಗಲ್ಲ.”

ಮಾವ ಕೆಳಗಿಟ್ಟ ಬಟ್ಟಲನ್ನೇ ನೋಡುತ್ತಾ ಕೂತರು. ಸಿದ್ದಗಂಗಮ್ಮ ಗೋಡೆ ಹಿಡಿದು ಎದ್ದು ನಿಂತರು. “ಕಚ್ಚಿರೋದು ನನ್ನ ಕಾಲನ್ನ ಕಣ್ರೀ. ನೀವು ಯೋಚ್ನೆ ಮಾಡ್ತಾ ಕೂತ್ಕಳಿ, ನಾನು ಹೋಗ್ಬರ್ತೀನಿ. ಗಾಡಿ ತೆಗಿಯಮ್ಮ.”

ಮಧುಗಿರಿ ಆಸ್ಪತ್ರೆಯಲ್ಲಿ ಗಾಯದ ಸುತ್ತ ಚುಚ್ಚಿದಾಗ ಅತ್ತೆ ಸೊಸೆಯ ಮುಂಗೈಯನ್ನು ನೋಯುವಷ್ಟು ಹಿಡಿದುಕೊಂಡರು. ತೋಳಿಗೆ ಚುಚ್ಚಿದಾಗ ಮುಖವನ್ನೂ ತಿರುಗಿಸಲಿಲ್ಲ. ಮುಂದಿನ ಸೂಜಿಗಳನ್ನು ತಪ್ಪಿಸಬಾರದೆಂದು ನರ್ಸ್ ಹೇಳಿದ್ದಕ್ಕೆ “ಇವಳು ಬಿಟ್ರೆ ತಾನೇ ತಪ್ಪಿಸೋದು” ಎಂದು ನಕ್ಕರು. ಅಲ್ಲಿಯವರೆಗೂ ಧೈರ್ಯವಾಗಿದ್ದ ಲೋಹಿತಾಗೆ ಮಾವನ ನೆನಪಾಗಿ ಕಸಿವಿಸಿಯಾಯಿತು. ಅತ್ತೆಯನ್ನೇನೋ ಕರೆತಂದಾಯಿತು. ಇಷ್ಟು ವರ್ಷ ಊರೇ ನಂಬಿದ್ದ ಆ ಮನುಷ್ಯನ ಮುಖವನ್ನು ಸಂಜೆ ಹೇಗೆ ನೋಡುವುದು?

ಹೊರಗೆ ಬರುವಷ್ಟರಲ್ಲಿ ಗೇಟಿನ ಬಳಿ ಆಟೋ ಬಂದು ನಿಂತಿತು. ಡ್ರೈವರ್ ಪಕ್ಕದಿಂದ ರೇಣುಕಯ್ಯ ಇಳಿದರು. ಹಿಂದಿನ ಸೀಟಿನಿಂದ ಅವರದೇ ಊರಿನ ಚಿಕ್ಕನರಸಯ್ಯ ಕುಂಟುತ್ತಾ ಇಳಿದರು. ಅವರ ಹಿಂದೆ ಮಗುವನ್ನೆತ್ತಿಕೊಂಡ ಒಬ್ಬ ಹೆಂಗಸು, ಆಮೇಲೆ ಅಂಗೈಗೆ ಬಟ್ಟೆ ಸುತ್ತಿಕೊಂಡ ಮುದುಕಿ ಚಿಕ್ಕಹನುಮಕ್ಕ.

ರೇಣುಕಯ್ಯ ಮುದುಕಿಯ ರಟ್ಟೆ ಹಿಡಿದು ನಡೆಸಿಕೊಂಡು ಬಂದು ಸೊಸೆಯ ಮುಂದೆ ನಿಂತರು. ತಲೆ ಎತ್ತಿಕೊಂಡೇ ಹೇಳಿದರು: “ಇವರಿಗೆಲ್ಲಾ ಮೊನ್ನೆ ಮೊನ್ನೆ ಕೂದಲು ಕಟ್ಟಿದ್ದು ನಾನೇ ಕಣಮ್ಮ. ಸೂಜಿ ಎಲ್ಲಿ ಹಾಕ್ತಾರೆ, ತೋರ್ಸು.”