ತಡವಾದ ಚಪ್ಪಾಳೆ

ಕಾದ ಕಬ್ಬಿಣದ ಬಾಚಣಿಗೆಗೆ ಕೂದಲು ತಾಗಿದ ವಾಸನೆ. ತನ್ನ ಮೊದಲ ರೆಕಾರ್ಡಿನ ಹೊದಿಕೆಯ ಮೇಲೆ ನೇರ ಕೂದಲಿನ ತನ್ನ ಚಿತ್ರ ಕಂಡೊಡನೆ ವರ್ನೀಸಳಿಗೆ ಬಾಲ್ಯದ ಆ ವಾಸನೆಯೇ ನೆನಪಾಯಿತು. ಆಗ ಪ್ರತಿ ಶನಿವಾರ ಅವಳ ಗುಂಗುರು ಕೂದಲನ್ನು ಆ ಬಾಚಣಿಗೆಯಿಂದ ನೇರ ಮಾಡುತ್ತಿದ್ದ ನೆರೆಮನೆಯ ಯೂಲಾ, ಈಗ ಅಮೆರಿಕದ ಮೆಂಫಿಸ್ ಊರಿನ ಚರ್ಚಿನ ಅಡುಗೆಮನೆಯಲ್ಲಿ ಆ ರೆಕಾರ್ಡಿನ ಮೇಲೆ ಗ್ರಾಮಫೋನಿನ ಮುಳ್ಳು ಇಡುತ್ತಿದ್ದಳು.

“ಬೇಡ ಯೂಲಕ್ಕ. ಈ ಹಾಡಿಗೇ ಅಲ್ವಾ ನನ್ನನ್ನ ಇಲ್ಲಿಂದ ಓಡಿಸಿದ್ದು? ಈಗ ನಿನ್ನನ್ನೂ ಓಡಿಸ್ತಾರೆ.”

“ಎಂಬತ್ತು ದಾಟಿದೆ, ಓಡೋಕೆ ಮಂಡಿ ಎಲ್ಲಿದೆ? ಬಾಯ್ಮುಚ್ಕೊಂಡು ಕೇಳು.”

ದೇವರ ಹಾಡು ಬಿಟ್ಟು ಪ್ರೇಮದ ಹಾಡು ಹಾಡಿದಳೆಂದು ಚರ್ಚು ದೂರವಿಟ್ಟ ಮೇಲೆ, ಐವತ್ತು ವರ್ಷ ಕಳೆದು ವರ್ನೀಸ್ ಅಂದೇ ಮೊದಲು ಪ್ರಾರ್ಥನೆಗೆ ಬಂದಿದ್ದಳು. ಯಾರೂ ಮಾತಾಡಿಸದಿದ್ದರೆ ಎಂಬ ಅಂಜಿಕೆಯಿಂದ ಊಟಕ್ಕೆ ನಿಲ್ಲದೆ ಹೊರಟವಳನ್ನು ಯೂಲಾ ಕೈಹಿಡಿದು ಒಳಗೆ ಕರೆತಂದಿದ್ದಳು.

ಹಾಡಿನ ಹಿಂದೆ ಚಪ್ಪಾಳೆ ಶುರುವಾಯಿತು. ಎಲ್ಲರ ನಡುವೆ ಒಬ್ಬರ ಕೈ ಮಾತ್ರ ಕೂದಲೆಳೆಯಷ್ಟು ತಡ. “ನಾನು ಹಾಡಿ ಹೋದ್ಮೇಲೆ ಸ್ಟುಡಿಯೋದಲ್ಲಿ ಈ ಚಪ್ಪಾಳೆ ಸೇರಿಸಿದ್ರು. ಯಾರೋ ತಾಳಗೇಡಿ,” ಎಂದು ವರ್ನೀಸ್ ಎಂದಿನಂತೆ ಬೈದಳು. ಯೂಲಾ ಹಾಡಿನೊಂದಿಗೆ ಕೈ ತಟ್ಟತೊಡಗಿದಳು. ಅದೇ ತಡ. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಮುಂದಿನ ಬೆಂಚಿನಿಂದ ಕೇಳಿದ್ದೂ ಅದೇ.

“ನೀನಾ? ಚರ್ಚಿಗೆ ಗೊತ್ತಾಗಿದ್ರೆ?”

“ಅದಕ್ಕೇ ಸ್ಟುಡಿಯೋದಲ್ಲಿ ಹೆಸರು ಹೇಳ್ಲಿಲ್ಲ. ನಿನ್ನೊಬ್ಬಳನ್ನೇ ಹೇಗೆ ಬಿಡೋದು ಅನ್ನಿಸ್ತು, ಹೋದೆ.”

ವರ್ನೀಸ್ ನಗುತ್ತಲೇ ಕಣ್ಣೊರೆಸಿಕೊಂಡಳು. ಯೂಲಾ ಓವನ್ನಿನೊಳಗಿಂದ ಒಂದು ತಟ್ಟೆ ತೆಗೆದಳು. ಕರಿದ ಕೋಳಿ, ಬೇಯಿಸಿದ ಸೊಪ್ಪು, ಮೆಕ್ಕೆಜೋಳದ ಬ್ರೆಡ್ಡು. ಪ್ರಾರ್ಥನೆಗೂ ಮೊದಲೇ ವರ್ನೀಸಳಿಗೆಂದು ತೆಗೆದಿಟ್ಟು ಬೆಚ್ಚಗಿರಿಸಿದ್ದ ಅದನ್ನು ಅವಳ ಕೈಗಿಟ್ಟಳು.