ನನ್ನ ಪಾಲಿನ ಅನ್ನ ಇಡಬೇಡಿ

ಅಜ್ಜಿಯ ಸೊಂಟಕ್ಕೆ ಕೈ ಕೊಟ್ಟು ದೋಣಿಗೆ ಹತ್ತಿಸಿಕೊಂಡಾಗಲೇ ಮಾನ್ಸುವಿನ ಬೆರಳಿಗೆ ಅದು ತಾಗಿತ್ತು. ಕೋಟಿನ ಒಳಗೆ, ಸೊಂಟದ ಸುತ್ತ, ಏನೋ ಗಟ್ಟಿಯಾದದ್ದು, ತುಂಡು ತುಂಡಾಗಿ ಪೋಣಿಸಿದ್ದು. ಅದು ಸೀಸ ಎಂದು ಅವನಿಗೆ ಹೊಳೆದದ್ದು ದೋಣಿ ದಡ ಬಿಟ್ಟ ಮೇಲೆ.

ಸೊಂಟಕ್ಕೆ ಸೀಸ ಕಟ್ಟಿಕೊಂಡು ಯಾರಾದರೂ ಕೊಲ್ಲಿ ನೋಡಲು ಬರುತ್ತಾರೆಯೇ?

ಮೇ ತಿಂಗಳ ಬಿಸಿಲು. ಅಜ್ಜಿ ಮಾತ್ರ ದಪ್ಪನೆಯ ನೇರಳೆ ಕೋಟಿನ ಗುಂಡಿಗಳನ್ನು ಗಂಟಲವರೆಗೂ ಹಾಕಿಕೊಂಡು, ಬೆವರು ಸುರಿಸುತ್ತ, ಚೂಯಿಂಗ್ ಗಮ್ ಜಗಿಯುತ್ತ ಕೂತಿದ್ದಳು. ಹನ್ನೆರಡು ಜನ ಹಿಡಿಸುವ ದೋಣಿಯನ್ನು ಒಬ್ಬಳೇ ಗೊತ್ತುಮಾಡಿಕೊಂಡಿದ್ದಳು. ತಾನು ಸೋಲ್ ಪಟ್ಟಣದವಳು, ಕೊಲ್ಲಿಯ ಚೆಂದ ನೋಡಬೇಕು ಎಂದಿದ್ದಳು.

ನೋಡಿದ್ದೇನು ಮಣ್ಣು! ಮಾನ್ಸು ಒಳನಾಡಿನ ದೇಗುವಿನವನು. ನಾಲ್ಕು ವರ್ಷದ ಹಿಂದೆ ಗೊಜೆ ದ್ವೀಪಕ್ಕೆ ಬಂದು ಈ ದೋಣಿ ಕೊಂಡವನು, ಪ್ರವಾಸಿಗರಿಗೆ ಹೇಳುವುದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ. "ಎಡಗಡೆ ನೋಡಿ ಅಜ್ಜಿ, ಆಮೆಬಂಡೆ" ಎಂದ. ಅಜ್ಜಿ ಕತ್ತು ತಿರುಗಿಸಲಿಲ್ಲ.

"ಕಲ್ಲು ನೋಡ್ಕೊಂಡು ಕೂರೋಕೆ ನಂಗೆ ಪುರುಸೊತ್ತಿಲ್ಲ ಕಣೋ. ಕೊಕ್ಕರೆಬಂಡೆ ಹತ್ರ ನಡಿ. ಅಲ್ಲಿ ಎಷ್ಟು ಆಳ?"

"ಹತ್ತು ಮೀಟರ್ ಇರ್ಬೇಕು."

"ಎಂಟು. ಸಾಕು ಬಿಡು."

ಮಾನ್ಸು ಎಂಜಿನ್ ವೇಗ ತಗ್ಗಿಸಿದ. ಸಾಕು? ಯಾವುದಕ್ಕೆ ಸಾಕು? ಸೋಲ್‌ನ ಅಜ್ಜಿಗೆ ಆ ಬಂಡೆಯ ಹೆಸರು ತಾನೇ ಹೇಗೆ ಗೊತ್ತು?

"ನಿನ್ನ ಗಡಿಯಾರ ಸರಿಯಾಗಿದ್ಯಾ? ಸೆಕೆಂಡ್ ತೋರಿಸುತ್ತಾ?"

"ತೋರಿಸುತ್ತೆ. ಯಾಕಜ್ಜಿ?"

"ಯಾಕೋ ಏನೋ. ಬೇಕಾಗುತ್ತೆ."

ಅಜ್ಜಿ ಚೀಲದಿಂದ ಬಿಳಿ ಕಾಗದದಲ್ಲಿ ಸುತ್ತಿದ ಅನ್ನದ ಉಂಡೆ ತೆಗೆದು, ಕಣ್ಣುಮುಚ್ಚಿ ಏನೋ ಗೊಣಗಿ, ನೀರಿಗೆ ಎಸೆದಳು. ಚಿಕ್ಕಪ್ಪ ಹೊಳೆಯ ಪಾಲಾದ ವರ್ಷ ಮಾನ್ಸುವಿನ ತಾಯಿಯೂ ಹೀಗೆಯೇ ಅನ್ನ ಎಸೆದಿದ್ದಳು.

ಅಷ್ಟರಲ್ಲಿ ಅವನ ಫೋನ್ ಕಿರುಚಿಕೊಂಡಿತು. ಊರಿಗೆಲ್ಲ ಕಳಿಸುವ ಸರಕಾರಿ ಸಂದೇಶ: 'ಕಾಣೆಯಾಗಿದ್ದಾರೆ. ಹೊ ಪಿಲ್ಸುನ್, ಎಂಬತ್ತೆರಡು ವರ್ಷ, ಬಾಗಿದ ಬೆನ್ನು, ನೇರಳೆ ಕೋಟು.' ಮಾನ್ಸು ಚುಕ್ಕಾಣಿಯ ಮರೆಯಲ್ಲಿ ಬಗ್ಗಿ ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದ. ಎತ್ತಿದವಳು ಸೊಸೆ. ಅಳುತ್ತಿದ್ದಳು.

"ಅತ್ತೆ ಚೀಟಿ ಬರೆದಿಟ್ಟು ಹೋಗಿದ್ದಾರೆ. 'ಇವತ್ತು ಎಲ್ಲಾ ಇತ್ಯರ್ಥ ಮಾಡ್ತೀನಿ. ಮಧ್ಯಾಹ್ನ ನನ್ನ ಪಾಲಿನ ಅನ್ನ ಇಡಬೇಡಿ' ಅಂತ. ಅವರ ಹೆಸರು ತೆಗೆಸೋ ಕಾಗದಕ್ಕೆ ಇವತ್ತು ಮೂರು ಗಂಟೆಗೆ ಮುದ್ರೆ ಬೀಳುತ್ತೆ, ಅದಕ್ಕೇ ಈ ಹಟ. ದಮ್ಮಯ್ಯ, ಅವರನ್ನ ನೀರಿಗೆ ಮಾತ್ರ ಇಳಿಯೋಕೆ ಬಿಡ್ಬೇಡಿ!"

ಹೆಸರು ತೆಗೆಸುವುದು! ಮನೆಯ ಪತ್ರದಿಂದಲೇ ಇರಬೇಕು. ಎಂಥ ಮಗನೋ, ಹಡೆದವಳನ್ನೇ ಹೊರಗೆ ಹಾಕುತ್ತಿದ್ದಾನೆ. ಮಾನ್ಸುವಿಗೆ ಮೈಯೆಲ್ಲ ಉರಿಯಿತು. ದೋಣಿಯನ್ನು ದಡದ ಕಡೆ ತಿರುಗಿಸಿದ.

"ತಿರುಗಿಸಿದ್ಯೋ, ಇಲ್ಲೇ ಇಳಿದುಬಿಡ್ತೀನಿ" ಎಂದಳು ಪಿಲ್ಸುನ್. ಹೇಳಿದ್ದನ್ನು ಮಾಡುವವಳ ದನಿ ಅದು. ಮಾನ್ಸು ಎಂಜಿನ್ ನಿಲ್ಲಿಸಿದ. ಎದುರಿಗೇ ಕೊಕ್ಕರೆಬಂಡೆ.

"ಅಜ್ಜಿ, ನಿಮ್ಮ ಕಾಲಿಗೆ ಬೀಳ್ತೀನಿ. ಮಗ ಕೆಟ್ಟವನಾದ್ರೆ ಏನಂತೆ? ನನ್ನ ಮನೆಗೆ ಬನ್ನಿ, ಬಿಸಿ ಬಿಸಿ ಸಾರು ಕುಡಿಯೋಣ. ನಾಳೆ ಎಲ್ಲಾ ಸರಿಹೋಗುತ್ತೆ."

"ನಾಳೆ ಯಾವನಿಗೆ ಬೇಕೋ? ಕೂತ್ಕೋ ಅಂದ್ರು, ಕೂತೆ. ಮಲಗು ಅಂದ್ರು, ಮಲಗಿದೆ. ಇನ್ನು ಒಬ್ಬನೂ ನನಗೆ ಇದು ಮಾಡ್ಬೇಡ, ಅದು ಮಾಡ್ಬೇಡ ಅನ್ನಬಾರದು. ಹಾಗೆ ಮಾಡಿಬಿಡ್ತೀನಿ ಇವತ್ತು."

ಅಜ್ಜಿ ಶೂ ಬಿಚ್ಚಿದಳು. ಹೊಚ್ಚ ಹೊಸದು. ಅಂಚಿನ ಮೇಲೆ ಒಂದರ ಪಕ್ಕ ಒಂದು, ಜೋಡಿಯಾಗಿ, ನೇರವಾಗಿ ಇಟ್ಟಳು. ನೀರಿಗೆ ಹಾರುವವರು ಶೂಗಳನ್ನು ಹೀಗೆಯೇ ಬಿಟ್ಟು ಹೋಗುತ್ತಾರೆಂದು ಚಿಕ್ಕ ಮಕ್ಕಳಿಗೂ ಗೊತ್ತು. ಆಮೇಲೆ ಬಾಯಲ್ಲಿದ್ದ ಗಮ್ ತೆಗೆದು, ಬೆನ್ನು ತಿರುಗಿಸಿ, ಎರಡೂ ಕಿವಿ ಮುಚ್ಚಿಕೊಂಡಳು. ತನ್ನ ಮಾತು ಕೇಳುವುದೂ ಅವಳಿಗೆ ಬೇಡವಾಯಿತಲ್ಲ ಎಂದು ಮಾನ್ಸುವಿಗೆ ಅಳು ಬಂತು.

ಹಿಡಿಯಲು ನುಗ್ಗಿದ. ಮುದುಕಿಯ ಕೈ ಚುರುಕಾಗಿತ್ತು. ಕೋಟು ಬಂದು ಅವನ ಮುಖದ ಮೇಲೆ ಬಿತ್ತು. "ಗಡಿಯಾರ ನೋಡ್ತಿರು!" ಎಂದದ್ದು ಕೇಳಿಸಿತು. ಆಮೇಲೆ ನೀರಿನ ಸದ್ದು.

ಕೋಟು ಕಿತ್ತೆಸೆದು ನೋಡಿದರೆ ಬರೀ ಗುಳ್ಳೆ. ಮಾನ್ಸುವಿಗೆ ಈಜು ಬರುತ್ತಿರಲಿಲ್ಲ. ದೋಣಿ ಕೊಂಡ ದಿನದಿಂದ ಮುಚ್ಚಿಟ್ಟ ಗುಟ್ಟು ಅದು. ತೇಲುವ ಟ್ಯೂಬನ್ನು ಎಸೆಯಹೋಗಿ ಎಡವಿದ, ಕಾಲು ತಾಗಿ ಶೂ ಎರಡೂ ನೀರಿಗೆ ಬಿದ್ದವು. ಹಾಳಾದ ಕಣ್ಣು ಮಾತ್ರ ಅವಳು ಹೇಳಿದ ಹಾಗೇ ಗಡಿಯಾರಕ್ಕೆ ಅಂಟಿಕೊಂಡಿತ್ತು. ಮೂವತ್ತು. ಐವತ್ತು. ಗುಳ್ಳೆಯೂ ನಿಂತಿತು. ಎಪ್ಪತ್ತು. "ಅಜ್ಜೀ!" ಎಂದು ಹುಚ್ಚನಂತೆ ಕೂಗಿದ. ತುರ್ತು ನಂಬರು ೧೧೯ ಒತ್ತತೊಡಗಿದ.

ದೋಣಿಯ ಹಿಂದಿನಿಂದ ಉದ್ದನೆಯ ಒಂದು ಸಿಳ್ಳು ಕೇಳಿಸಿತು. ಹಿಡಿದಿಟ್ಟ ಉಸಿರನ್ನೆಲ್ಲ ಒಮ್ಮೆಲೇ ಬಿಡುವ ಸಿಳ್ಳು.

ಕಪ್ಪು ರಬ್ಬರಿನ ಉಡುಪು, ಸೊಂಟಕ್ಕೆ ತಳಕ್ಕಿಳಿಯಲು ಕಟ್ಟುವ ಸೀಸದ ಪಟ್ಟಿ, ಕಣ್ಣಿಗೆ ದುಂಡನೆಯ ಗಾಜು, ತೋಳಿಗೆ ಸುತ್ತಿಕೊಂಡು ಒದ್ದಾಡುವ ಆಕ್ಟೋಪಸ್. ಪಿಲ್ಸುನ್ ದೋಣಿಯ ಅಂಚು ಹಿಡಿದು, ನೀರು ಹೋಗದಂತೆ ಕಿವಿಗೆ ತುರುಕಿದ್ದ ಗಮ್ ಕಿತ್ತಳು.

"ಎಷ್ಟಾಯ್ತೋ?"

"ಎಂಬತ್ತ... ಎಂಬತ್ನಾಲ್ಕು ಸೆಕೆಂಡ್."

"ವಯಸ್ಸಿಗಿಂತ ಎರಡು ಜಾಸ್ತಿ! ಕಡಲರಾಜ ನನ್ನ ಅನ್ನದ ಋಣ ತೀರಿಸಿದ. ಸಾಕ್ಷಿ ಅಂತ ಬರ್ಕೊಡು, ನಿನ್ನ ಹೆಸರಿನ ಮುದ್ರೆ ಒತ್ತು. ಅರವತ್ತು ವರ್ಷ ಇದೇ ನೀರಲ್ಲಿ ಮುಳುಗಿ ಆಕ್ಟೋಪಸ್, ಚಿಪ್ಪು ಹಿಡಿದು ಮಕ್ಕಳನ್ನ ಸಾಕಿದೀನಿ. ಮುದುಕಿಗೆ ಉಸಿರಿಲ್ಲ ಅಂತ ಮುಳುಗುಗಾರ್ತಿಯರ ಸಂಘದಿಂದ ನನ್ನ ಹೆಸರು ತೆಗೀತಾರಂತೆ, ಮೂರು ಗಂಟೆಗೆ! ಊರ ದೋಣಿಯವರೆಲ್ಲ ನನ್ನನ್ನ ನೀರಿಗೆ ಬಿಡಬಾರದು ಅನ್ನೋ ನನ್ನ ಮಗನ ಕಡೆ. ಹೊರಗಿನ ಸಾಕ್ಷಿ ಬೇಕಿತ್ತು, ಅದಕ್ಕೇ ಸೋಲ್‌ನವಳು ಅಂತ ಸುಳ್ಳು ಹೇಳಿ ನಿನ್ನ ದೋಣಿ ಹತ್ತಿದ್ದು. ನನ್ನ ಸೊಸೆಗೆ ಹೇಳು, ಮಧ್ಯಾಹ್ನದ ಊಟ ನಾನೇ ಹಿಡ್ಕೊಂಡು ಬರ್ತಿದ್ದೀನಿ ಅಂತ."

ಆಮೇಲೆ ಅಲೆಯ ಮೇಲೆ ತೇಲಿಹೋಗುತ್ತಿದ್ದ ಶೂ ಜೋಡಿ ಅವಳ ಕಣ್ಣಿಗೆ ಬಿತ್ತು. "ಅಯ್ಯೋ ನಿನ್ನ ಮನೆ ಹಾಳಾಗ! ಒದ್ದೆಯಾಗ್ಬಾರ್ದು ಅಂತ ಬಿಚ್ಚಿಟ್ಟಿದ್ದು ಕಣೋ, ಈಗ ಸಭೆಗೆ ಏನು ಹಾಕ್ಕೊಂಡು ಹೋಗ್ಲಿ?"