ಹಳದಿ ಹಗ್ಗದ ಶಾಲೆ

"ಶಾಲೆ ಒಳಗೆ ಪಿಸ್ತೂಲು ತರಬಾರದು ಅನ್ನೋದು ಕಾನೂನು, ಪಾರ್ಕು ಶಾಲೆ ಅಲ್ಲ ಮೇಡಂ. ಆದ್ರೆ ನೀವು ಮಕ್ಕಳನ್ನ ಪ್ರವಾಸ ಕರ್ಕೊಂಡು ಬಂದಿದ್ದೀರಲ್ಲ, ಹಾಗಾಗಿ ಅದೂ ಶಾಲೆನೇ ಆಗುತ್ತೋ ಏನೋ. ವಕೀಲರನ್ನ ಕೇಳಿ," ಎಂದು ಶೆರಿಫ್ ಕಚೇರಿಯ ಪೊಲೀಸಿನವನು ಫೋನಿಟ್ಟ. ವರ್ನಾ ಟೀಚರ್ ತಿರುಗಿ ನೋಡಿದರು. ಹದಿನಾಲ್ಕು ಪುಟಾಣಿಗಳು ಉದ್ದನೆಯ ಹಳದಿ ಹಗ್ಗ ಹಿಡಿದು ಸಾಲಾಗಿ ನಿಂತಿದ್ದವು. ಮಕ್ಕಳು ಊಟಕ್ಕೆ ಕೂರಬೇಕಿದ್ದ ಮೇಜಿನ ಬಳಿ ಕೂತು ಮುದುಕನೊಬ್ಬ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಸೊಂಟದಲ್ಲಿ ಪಿಸ್ತೂಲು.

"ಇಪ್ಪತ್ತು ವರ್ಷದಿಂದ ಇದನ್ನ ಕಟ್ಕೊಂಡೇ ಇಲ್ಲಿ ಊಟ ಮಾಡ್ತಿದೀನಮ್ಮ. ಆರ್ವಿಲ್ ಯಾರು ಅಂತ ಯಾರನ್ನ ಬೇಕಾದ್ರೂ ಕೇಳು," ಎಂದ ಅವನು. "ನಿಮ್ಮ ಶಾಲೆ ಮೂರು ಮೈಲಿ ಆಚೆ ಇದೆ. ಇಲ್ಲೆಲ್ಲಿ ಬಂತು ಶಾಲೆ? ತೋರ್ಸು ನೋಡೋಣ."

"ತೋರಿಸ್ತೀನಿ," ಎಂದರು ಟೀಚರ್. "ಮಕ್ಕಳೇ, ಹಗ್ಗ ಬಿಡಿ."

ಶಾಲೆ ಮುಟ್ಟುವವರೆಗೂ ಹಗ್ಗ ಬಿಡಬಾರದೆಂದು ಕಲಿತಿದ್ದ ಮಕ್ಕಳು ಪಿಳಿಪಿಳಿ ಕಣ್ಣು ಬಿಟ್ಟವು. ಟೀಚರ್ ಅದನ್ನು ಹುಲ್ಲಿನ ಮೇಲೆಳೆದು, ಆರ್ವಿಲ್ ಕೂತಿದ್ದ ಮೇಜಿನ ಸುತ್ತ ಹಾಸಿ, ಎರಡೂ ತುದಿ ಸೇರಿಸಿ ಗಂಟು ಹಾಕಿದರು. "ವಕೀಲರು ಏನಂತಾರೋ ನಂಗೊತ್ತಿಲ್ಲ. ಇವತ್ತು ಊಟ ಮುಗಿಯೋವರೆಗೆ ಇದೇ ಶಾಲೆ. ನನ್ನ ಶಾಲೆ ಒಳಗೆ ಪಿಸ್ತೂಲು ಇರೋ ಹಾಗಿಲ್ಲ."

ಆರ್ವಿಲ್‌ನ ಮುಖ ಕೆಂಪಾಯಿತು. ಅರ್ಧ ಸ್ಯಾಂಡ್‌ವಿಚ್ ಅಲ್ಲೇ ಬಿಟ್ಟು, ಹಗ್ಗ ದಾಟಿ, ದಾಪುಗಾಲಿಡುತ್ತ ತನ್ನ ಟ್ರಕ್ಕಿಗೆ ನಡೆದ. ಪೀಡೆ ತೊಲಗಿತೆಂದು ಟೀಚರ್ ಮಕ್ಕಳನ್ನು ಕೂರಿಸಿ ಡಬ್ಬಿ ಬಿಚ್ಚತೊಡಗಿದರು. ಟ್ರಕ್ಕಿನ ಬಾಗಿಲು ಧಡಾರನೆ ಮುಚ್ಚಿತು, ಬೀಗ ಬಿತ್ತು. ತಲೆಯೆತ್ತಿದರೆ, ಖಾಲಿ ಸೊಂಟದ ಆರ್ವಿಲ್ ಹಗ್ಗದ ಆಚೆಯೇ ನಿಂತು ಒಂದು ಕೈ ಮೇಲೆತ್ತಿದ್ದ.

"ಟೀಚರ್, ಒಳಗೆ ಬರ್ಲಾ?"